ಗ್ರೊಡೆಕ್‌ನ ಕೊಟ್ಟಿಗೆ, ಬರ್ಲಿನ್ನಿನ ಕೋಣೆ

ಯುದ್ಧಕ್ಕೂ ಚಿತ್ತಭ್ರಮಣೆಗೂ ಇರುವ ನಂಟನ್ನು ಆಧುನಿಕ ವೈದ್ಯಶಾಸ್ತ್ರ ಗಂಭೀರವಾಗಿ ಆಲೋಚಿಸತೊಡಗಿದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. 1915ರ ಫೆಬ್ರವರಿಯಲ್ಲಿ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಮಯರ್ಸ್ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ‘ಶೆಲ್ ಶಾಕ್’ ಎಂಬ ಹೆಸರನ್ನು ಅಚ್ಚಿಗೆ ತಂದಾಗ, ಫಿರಂಗಿಯ ಸಿಡಿಗುಂಡು ಹತ್ತಿರದಲ್ಲೇ ಸ್ಫೋಟಿಸಿದ್ದರಿಂದ ಸೈನಿಕನ ನರಮಂಡಲ ಅದುರಿಹೋಗಿ ಅವನ ಮಾತು, ನೋಟ, ನಡಿಗೆ, ನೆನಪುಗಳು ಕೆಡುತ್ತವೆ ಎಂಬ ಅರ್ಥವೇ ಆ ಹೆಸರಿನಲ್ಲಿ ಅಡಗಿತ್ತು. ಸಿಡಿಗುಂಡಿನ ಹತ್ತಿರಕ್ಕೂ ಸುಳಿಯದಿದ್ದವರಲ್ಲಿ ಅದೇ ಲಕ್ಷಣಗಳು ಕಾಣಿಸಿಕೊಂಡಾಗ ಮಯರ್ಸ್‌ಗೇ ಆ ಹೆಸರು ಸಾಲದೆನಿಸಿತು. ಆದರೂ ಯುದ್ಧದ ಹುಚ್ಚು ಎಂದರೆ ಮುಂಚೂಣಿಯ ಗಂಡಸಿನ ಕಾಯಿಲೆ, ಅದಕ್ಕೆ ಕಾರಣ ಒಂದು ದೊಡ್ಡ ಸದ್ದು ಅಥವಾ ಒಂದು ಭೀಕರ ನೋಟ ಎಂಬ ತಿಳಿವಳಿಕೆ ಜನರ ಮನಸ್ಸಿನಿಂದ ಪೂರ್ತಿ ಅಳಿಸಿಹೋಗಲಿಲ್ಲ. ಆಸ್ಟ್ರಿಯಾದ ಕವಿ ಗೇಯೋರ್ಗ್ ಟ್ರಾಕ್ಲ್ ಮತ್ತು ಅವನ ತಂಗಿ, ಪಿಯಾನೊ ವಾದಕಿ ಗ್ರೇಟೆ, ಇವರಿಬ್ಬರ ಬದುಕು ಆ ತಿಳಿವಳಿಕೆಗೆ ಒಗ್ಗುವುದಿಲ್ಲ. ಒಬ್ಬ 27ನೆಯ ವಯಸ್ಸಿನಲ್ಲಿ ಸೇನಾ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಸತ್ತನು. ಇನ್ನೊಬ್ಬಳು ಮೂರು ವರ್ಷಗಳ ನಂತರ, 26ನೆಯ ವಯಸ್ಸಿನಲ್ಲಿ, ರಣರಂಗದಿಂದ ಬಲು ದೂರದ ಬರ್ಲಿನ್‌ನಲ್ಲಿ ಪ್ರಾಣ ಕಳೆದುಕೊಂಡಳು. ಮೊದಲನೆಯ ಸಾವನ್ನು ಸಾಹಿತ್ಯಚರಿತ್ರೆ ಯುದ್ಧದ ಲೆಕ್ಕಕ್ಕೆ ಬರೆದಿದೆ, ಎರಡನೆಯದನ್ನು ಬರೆದಿಲ್ಲ. ಇವೆರಡನ್ನೂ ಒಂದೇ ಕುಸಿತದ ಎರಡು ಹಂತಗಳೆಂದು ನೋಡುವುದೇ ನ್ಯಾಯವೆಂದು ತೋರುತ್ತದೆ.

ಗೇಯೋರ್ಗ್ ಹುಟ್ಟಿದ್ದು 1887ರ ಫೆಬ್ರವರಿ 3ರಂದು, ಸಾಲ್ಜ್‌ಬರ್ಗ್ ನಗರದ ವಾಗ್‌ಪ್ಲಾಟ್ಸ್ ಎಂಬ ಚೌಕದ ಮನೆಯಲ್ಲಿ. ಗ್ರೇಟೆ ಹುಟ್ಟಿದ್ದು 1891ರ ಆಗಸ್ಟ್‌ನಲ್ಲಿ, ಮನೆಯ ಕೊನೆಯ ಕೂಸಾಗಿ. ತಂದೆ ಟೋಬಿಯಾಸ್ ಕಬ್ಬಿಣದ ಸಾಮಾನಿನ ವ್ಯಾಪಾರಿ, ಅನುಕೂಲಸ್ಥ. ಕ್ಯಾಥೊಲಿಕ್ ಊರಿನಲ್ಲಿ ಅವರದು ಪ್ರೊಟೆಸ್ಟೆಂಟ್ ಮನೆತನ. ತಾಯಿ ಮರಿಯಾ ಹಳೆಯ ಕಾಲದ ಪೀಠೋಪಕರಣಗಳನ್ನೂ ಗಾಜಿನ ಪಾತ್ರೆಗಳನ್ನೂ ಸಂಗ್ರಹಿಸುವ ಹವ್ಯಾಸದವಳು, ಮಕ್ಕಳಿಗಿಂತ ಆ ಸಂಗ್ರಹದ ಕೋಣೆಗಳೇ ಅವಳಿಗೆ ಹತ್ತಿರವಾಗಿದ್ದವು. ಬಾಗಿಲು ಹಾಕಿಕೊಂಡು ದಿನಗಟ್ಟಲೆ ಒಳಗೇ ಉಳಿಯುತ್ತಿದ್ದಳೆಂದೂ ಅಫೀಮಿನ ಅಭ್ಯಾಸ ಅವಳಿಗಿತ್ತೆಂದೂ ಹೇಳುವುದುಂಟು. ಮಕ್ಕಳನ್ನು ಸಾಕಿದವಳು ಫ್ರೆಂಚ್ ಮಾತನಾಡುವ ಗವರ್ನೆಸ್, ಎಂದರೆ ಮನೆಯಲ್ಲೇ ಇದ್ದು ಮಕ್ಕಳ ಪಾಲನೆಯನ್ನೂ ಪಾಠವನ್ನೂ ನೋಡಿಕೊಳ್ಳುವ ಹೆಂಗಸು. ಊಟ ಬಟ್ಟೆಗೆ ಕೊರತೆಯಿಲ್ಲದ, ಮಡಿಲಿಗೆ ಮಾತ್ರ ಕೊರತೆಯಿದ್ದ ಈ ಮನೆಯಲ್ಲಿ ಅಣ್ಣ ತಂಗಿಯರಿಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡು ಬೆಳೆದರು, ಅವನು ಪದಗಳ ಕಡೆಗೂ ಅವಳು ಪಿಯಾನೊದ ಕಡೆಗೂ ವಾಲಿದರು.

ಓದಿನಲ್ಲಿ ಹಿಂದೆ ಬಿದ್ದ ಗೇಯೋರ್ಗ್ 1905ರಲ್ಲಿ ಶಾಲೆಯನ್ನು ಅರ್ಧಕ್ಕೇ ಬಿಟ್ಟು ಸಾಲ್ಜ್‌ಬರ್ಗ್‌ನ ‘ಬಿಳಿ ದೇವದೂತ’ ಎಂಬ ಹೆಸರಿನ ಔಷಧದ ಅಂಗಡಿಯಲ್ಲಿ ಮೂರು ವರ್ಷದ ಕೆಲಸ ಕಲಿಕೆಗೆ ಸೇರಿದ್ದು ಇಡೀ ಕಥೆಯ ತಿರುವು. ಆ ಕಾಲದ ಯುರೋಪಿನಲ್ಲಿ ಔಷಧದ ಅಂಗಡಿ ಎಂದರೆ ಸೀಸೆಯಲ್ಲಿ ಬಂದದ್ದನ್ನು ಮಾರುವ ಜಾಗವಷ್ಟೇ ಅಲ್ಲ, ವೈದ್ಯರು ಬರೆದುಕೊಟ್ಟದ್ದನ್ನು ಅಲ್ಲಿಯೇ ತೂಗಿ, ಅರೆದು, ಬೆರೆಸಿ ಕೊಡುವ ಜಾಗ. ಅದರ ಕಪಾಟುಗಳಲ್ಲಿ ಮಾರ್ಫಿನ್, ಅಫೀಮು, ಕ್ಲೋರೋಫಾರ್ಮ್, 1903ರಲ್ಲಿ ಬೆಳಕಿಗೆ ಬಂದ ವೆರೋನಾಲ್ ಎಂಬ ನಿದ್ರೆಯ ಔಷಧಿ, ಎಲ್ಲವೂ ಕೈಗೆಟಕುವಂತಿದ್ದವು. ಕೊಕೇನ್ ಕೂಡ ಅಲ್ಲಿ ಗೌರವದ ಸ್ಥಾನದಲ್ಲಿತ್ತು: 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಅದನ್ನು ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಆ ಭಾಗವನ್ನಷ್ಟೇ ಮರಗಟ್ಟಿಸಲು ಬಳಸಿ ತೋರಿಸಿದ್ದನು, ಅದೇ ವರ್ಷ ಅವನ ಗೆಳೆಯ ಸಿಗ್ಮಂಡ್ ಫ್ರಾಯ್ಡ್ ಕೋಕಾ ಎಲೆಯನ್ನು ಹೊಗಳಿ ಪ್ರಬಂಧ ಬರೆದಿದ್ದನು. ಅಳುಕು, ಜನರನ್ನು ಕಂಡರೆ ಬೆವರುವ ಸ್ವಭಾವ, ನಿದ್ರೆಯಿಲ್ಲದ ರಾತ್ರಿಗಳು, ಇವೆಲ್ಲ ಮೊದಲೇ ಇದ್ದ ತರುಣನ ಕೈಗೆ ಇಂಥ ಕಪಾಟಿನ ಬೀಗದ ಕೈ ಸಿಕ್ಕಿದ್ದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಔಷಧಿಯಾಗಿ ಬಂದದ್ದು ವ್ಯಸನವಾಯಿತು, ತಂಗಿಗೂ ಅದರ ರುಚಿ ಹತ್ತಿಸಿದವನು ಅವನೇ ಎಂಬುದರಲ್ಲಿ ಅವನ ಜೀವನಚರಿತ್ರೆ ಬರೆದವರಿಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಕವಿಯ ಮೇಲಿನ ಅಭಿಮಾನದಲ್ಲಿ ಈ ಸಂಗತಿಯನ್ನು ಮೆತ್ತಗೆ ದಾಟಿಸುವುದು ಸಲ್ಲದು. ಅವನ ಪದ್ಯಗಳ ತುಂಬ ಮತ್ತೆ ಮತ್ತೆ ಬರುವ ಅಪರಾಧಪ್ರಜ್ಞೆಗೆ ಇದೂ ಒಂದು ಆಧಾರವೆಂದು ಒಪ್ಪಿಕೊಳ್ಳಬೇಕು.

ಗ್ರೇಟೆಯ ಪ್ರತಿಭೆ ಸಣ್ಣದಾಗಿರಲಿಲ್ಲ. ಅಣ್ಣ ಫಾರ್ಮಸಿ ಓದಲು 1908ರಲ್ಲಿ ವಿಯೆನ್ನಾಕ್ಕೆ ಹೋದ ಬೆನ್ನಿಗೇ ಅವಳೂ ಅಲ್ಲಿ ಸಂಗೀತಾಭ್ಯಾಸಕ್ಕೆ ಸೇರಿದಳು, 1910ರಲ್ಲಿ ಬರ್ಲಿನ್‌ಗೆ ಹೋಗಿ ಹಂಗೆರಿಯ ಹೆಸರಾಂತ ಪಿಯಾನೊ ವಾದಕ ಎರ್ನ್‌ಸ್ಟ್ ಫಾನ್ ದೊಹ್ನಾನಿಯ ಶಿಷ್ಯೆಯಾದಳು. ಅದೇ ವರ್ಷ ತಂದೆ ತೀರಿಕೊಂಡನು, ಮನೆಯ ಆಸರೆ ಕುಸಿಯಿತು. 1912ರಲ್ಲಿ, ತನಗಿಂತ ಬಹಳ ಹಿರಿಯನಾದ ಆರ್ಥರ್ ಲಾಂಗೆನ್ ಎಂಬ ಪುಸ್ತಕ ವ್ಯಾಪಾರಿಯನ್ನು ಅವಳು ಮದುವೆಯಾದಳು. ಆ ಸಂಸಾರದಲ್ಲಿ ಹಣವೂ ನಿಲ್ಲಲಿಲ್ಲ, ನೆಮ್ಮದಿಯೂ ನಿಲ್ಲಲಿಲ್ಲ. 1914ರ ಮಾರ್ಚ್‌ನಲ್ಲಿ ಗರ್ಭಪಾತವಾಗಿ ಅವಳು ಹಾಸಿಗೆ ಹಿಡಿದಾಗ ಅಣ್ಣ ಓಡಿ ಬಂದು ಬರ್ಲಿನ್‌ನಲ್ಲಿ ಅವಳ ಬಳಿ ಕೆಲವು ದಿನ ಇದ್ದನು.

ಅಣ್ಣ ತಂಗಿಯರ ನಡುವಿನ ಸಂಬಂಧ ಒಡಹುಟ್ಟಿದವರ ಎಲ್ಲೆಯನ್ನು ಮೀರಿತ್ತೆ ಎಂಬ ಪ್ರಶ್ನೆಯ ಸುತ್ತ ಒಂದು ಶತಮಾನದಿಂದ ಬರಹಗಳು ಬೆಳೆದಿವೆ. ಆ ವಾದಕ್ಕೆ ಆಧಾರವೆಂದು ಮುಂದಿಡುವುದು ಪದ್ಯಗಳನ್ನು, ಅವುಗಳಲ್ಲಿ ಬಿಡದೆ ಬರುವ ಸೋದರಿಯ ರೂಪವನ್ನು. ಇಬ್ಬರ ನಡುವೆ ಓಡಾಡಿದ ಪತ್ರಗಳು ಬಹುಮಟ್ಟಿಗೆ ನಾಶವಾಗಿರುವುದರಿಂದ ನಿರ್ಣಾಯಕವಾದ ಸಾಕ್ಷ್ಯ ಯಾವ ಪಕ್ಷಕ್ಕೂ ಇಲ್ಲ. ಪದ್ಯವನ್ನು ಪೊಲೀಸ್ ದೂರಿನಂತೆ ಓದುವ ಈ ಚಾಳಿಯಿಂದ ಆದ ನಷ್ಟವೆಂದರೆ, ಗ್ರೇಟೆ ತನ್ನದೇ ಸಂಗೀತ, ಸಾಲ, ಕಾಯಿಲೆ, ಹಟಗಳಿದ್ದ ಹೆಣ್ಣಾಗಿ ಕಾಣದೆ ಅಣ್ಣನ ಒಗಟಿಗೆ ಉತ್ತರವಾಗಿ ಮಾತ್ರ ಉಳಿದಳು. ಇಬ್ಬರೂ ಒಬ್ಬರ ಮೇಲೊಬ್ಬರು ಭಾರ ಹಾಕಿ ನಿಂತಿದ್ದರು, ಒಂದು ಕಡೆ ಸಡಿಲಿದರೆ ಇನ್ನೊಂದು ಕಡೆಯೂ ಬೀಳುವಂತಿತ್ತು ಎಂಬಷ್ಟನ್ನು ನಿಶ್ಚಯವಾಗಿ ಹೇಳಬಹುದು, ಮತ್ತು ಮುಂದೆ ಆದದ್ದನ್ನು ಅರಿಯಲು ಅಷ್ಟು ಸಾಕು.

ಯುದ್ಧ ಬರುವ ಮೊದಲೇ ಗೇಯೋರ್ಗ್‌ನ ಮನಸ್ಸು ನೆಲೆ ತಪ್ಪಿತ್ತು ಎಂಬುದಕ್ಕೆ ಪುರಾವೆಗಳು ಬೇಕಾದಷ್ಟಿವೆ. ಸರ್ಕಾರಿ ಕಚೇರಿಗಳಲ್ಲಿ ಸಿಕ್ಕ ಕೆಲಸಗಳನ್ನು ಅವನು ಸೇರಿದಷ್ಟೇ ಬೇಗ ಬಿಟ್ಟನು. 1913ರ ನವೆಂಬರ್‌ನಲ್ಲಿ ತನ್ನ ಜಗತ್ತು ಎರಡು ಹೋಳಾಗಿದೆ ಎಂಬ ಸಂಕಟವನ್ನು ಪತ್ರದಲ್ಲಿ ತೋಡಿಕೊಂಡನು. 1914ರ ಬೇಸಿಗೆಯಲ್ಲಿ ಡಚ್ ವಸಾಹತುಗಳಿಗೆ ಔಷಧದ ಕೆಲಸದ ಮೇಲೆ ಹೋಗಬಹುದೆ ಎಂದು ವಿಚಾರಿಸಿ ಇಲ್ಲವೆನಿಸಿಕೊಂಡನು. ಅವನನ್ನು ಹಿಡಿದು ನಿಲ್ಲಿಸಿದ್ದು ಇನ್ಸ್‌ಬ್ರುಕ್‌ನ ಲುಡ್ವಿಗ್ ಫಾನ್ ಫಿಕರ್ ಎಂಬ ಸಂಪಾದಕ. ‘ಡೆರ್ ಬ್ರೆನ್ನರ್’ ಎಂಬ ತನ್ನ ಪತ್ರಿಕೆಯಲ್ಲಿ 1912ರಿಂದ ಅವನ ಪದ್ಯಗಳನ್ನು ಸತತವಾಗಿ ಪ್ರಕಟಿಸಿ, ತನ್ನ ಮನೆಯಲ್ಲೇ ಇಳಿಸಿಕೊಂಡು ಕಾಪಾಡಿದವನು ಅವನು. 1914ರ ಜುಲೈಯಲ್ಲಿ, ಮುಂದೆ ದೊಡ್ಡ ತತ್ತ್ವಜ್ಞಾನಿಯೆನಿಸಿದ ಲುಡ್ವಿಗ್ ವಿಟ್ಗೆನ್‌ಸ್ಟೈನ್ ತಂದೆಯಿಂದ ಬಂದ ಆಸ್ತಿಯಲ್ಲಿ 1,00,000 ಕ್ರೌನ್‌ಗಳನ್ನು ಕಷ್ಟದಲ್ಲಿರುವ ಕಲಾವಿದರಿಗೆ ಹಂಚಲು ಫಿಕರ್‌ಗೆ ವಹಿಸಿದಾಗ, ಅದರಲ್ಲಿ 20,000 ಟ್ರಾಕ್ಲ್‌ನ ಪಾಲಿಗೆ ಬಂತು. ಹಣ ತೆಗೆದುಕೊಳ್ಳಲು ಫಿಕರ್ ಅವನನ್ನು ಬ್ಯಾಂಕಿಗೆ ಕರೆದೊಯ್ದನು, ಗುಮಾಸ್ತನ ಎದುರು ನಿಂತಿದ್ದವನು ಮೈಯೆಲ್ಲ ಬೆವೆತು, ಏನೂ ಹೇಳದೆ ಹೊರಗೆ ಓಡಿಹೋದನು. ಸರ್ಬಿಯಾದ ಮೇಲೆ ಆಸ್ಟ್ರಿಯಾ ಯುದ್ಧ ಸಾರಿದ್ದು ಅದೇ ತಿಂಗಳ 28ರಂದು.

ಆಗಸ್ಟ್ 24ರ ರಾತ್ರಿ ಅವನು ಸೇನೆಯ ಔಷಧಾಧಿಕಾರಿಯಾಗಿ ಇನ್ಸ್‌ಬ್ರುಕ್‌ನಿಂದ ಗಲಿಷಿಯಾಕ್ಕೆ ರೈಲು ಹತ್ತಿದನು. ಗಲಿಷಿಯಾ ಎಂದರೆ ಇಂದು ಪೋಲೆಂಡ್ ಮತ್ತು ಉಕ್ರೇನ್‌ಗಳ ನಡುವೆ ಹಂಚಿಹೋಗಿರುವ, ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಅಂಚಿನಲ್ಲಿದ್ದ ಪ್ರಾಂತ. ಸೆಪ್ಟೆಂಬರ್ ಮೊದಲ ವಾರಕ್ಕೆ ರಷ್ಯನ್ ಸೇನೆ ಅದರ ರಾಜಧಾನಿ ಲೆಂಬೆರ್ಗ್ ಅನ್ನು, ಇಂದಿನ ಲ್ವಿವ್ ನಗರವನ್ನು, ವಶಪಡಿಸಿಕೊಂಡಿತ್ತು. ಅದರ ಪಶ್ಚಿಮಕ್ಕಿರುವ ಗ್ರೊಡೆಕ್ ಎಂಬ ಸಣ್ಣ ಊರಿನ ಬಳಿ ಆಸ್ಟ್ರಿಯಾದ ಪಡೆಗಳು ಮತ್ತೊಮ್ಮೆ ಎದುರು ನಿಂತು ಮತ್ತೊಮ್ಮೆ ಸೋತವು. ಒಂದು ತಿಂಗಳೂ ತುಂಬದ ಆ ದಂಡಯಾತ್ರೆಯಲ್ಲಿ ಸತ್ತವರು, ಗಾಯಗೊಂಡವರು, ಸೆರೆ ಸಿಕ್ಕವರು ಸೇರಿ ಆಸ್ಟ್ರಿಯಾ-ಹಂಗೆರಿ ಕಳೆದುಕೊಂಡ ಸೈನಿಕರ ಸಂಖ್ಯೆ ಮೂರರಿಂದ ನಾಲ್ಕು ಲಕ್ಷ. ಅಷ್ಟು ಗಾಯಾಳುಗಳಿಗೆ ಸಾಲುವಷ್ಟು ವೈದ್ಯರಾಗಲಿ ಗಾಡಿಗಳಾಗಲಿ ಔಷಧಿಗಳಾಗಲಿ ಆ ಸೇನೆಯ ಬಳಿ ಇರಲಿಲ್ಲ.

ಗ್ರೊಡೆಕ್‌ನಲ್ಲಿ ನಡೆದದ್ದು ತಿಳಿದಿರುವುದು ಟ್ರಾಕ್ಲ್ ಆಸ್ಪತ್ರೆಯಲ್ಲಿ ಫಿಕರ್‌ಗೆ ಹೇಳಿದ, ಫಿಕರ್ ಮುಂದೆ ಬರೆದಿಟ್ಟ ಮಾತುಗಳಿಂದ. ಹಳ್ಳಿಯ ಒಂದು ಕೊಟ್ಟಿಗೆಯಲ್ಲಿ ತೀವ್ರವಾಗಿ ಗಾಯಗೊಂಡ ಸುಮಾರು 90 ಮಂದಿಯನ್ನು ತಂದು ಮಲಗಿಸಿ ಅವರ ಹೊಣೆಯನ್ನು ಅವನೊಬ್ಬನಿಗೇ ವಹಿಸಲಾಯಿತು. ವೈದ್ಯನಿರಲಿಲ್ಲ, ನೋವು ತಗ್ಗಿಸುವ ಔಷಧಿಯೂ ಇರಲಿಲ್ಲ, ಎರಡು ದಿನ ಅವನು ಆ ನರಳಾಟದ ನಡುವೆ ಬರಿಗೈಯಲ್ಲಿ ಓಡಾಡಿದನು. ತಮ್ಮನ್ನು ಕೊಂದುಬಿಡು ಎಂದು ಬೇಡುತ್ತಿದ್ದವರಲ್ಲಿ ಮೂತ್ರಕೋಶಕ್ಕೆ ಗುಂಡು ತಗುಲಿದ್ದ ಒಬ್ಬ ಅವನ ಕಣ್ಣೆದುರೇ ತಲೆಗೆ ಗುಂಡು ಹೊಡೆದುಕೊಂಡನು. ಅದನ್ನು ತಾಳಲಾರದೆ ಹೊರಗೆ ಬಂದರೆ ಅಲ್ಲಿಯ ಮರಗಳಲ್ಲಿ ಹೆಣಗಳು ತೂಗುತ್ತಿದ್ದವು, ರಷ್ಯನ್ನರ ಪರವೆಂಬ ಸಂಶಯದ ಮೇಲೆ ಆಸ್ಟ್ರಿಯಾದ ಸೇನೆಯೇ ಗಲ್ಲಿಗೇರಿಸಿದ್ದ ಸ್ಥಳೀಯ ರುಥೇನಿಯನ್ ರೈತರ ಹೆಣಗಳು. ಹತ್ತು ವರ್ಷಗಳಿಂದ ತನ್ನ ನೋವಿಗೆ ಕಪಾಟಿನಿಂದ ಔಷಧಿ ತೆಗೆದುಕೊಳ್ಳುತ್ತ ಬಂದಿದ್ದವನು ಇಲ್ಲಿ ತೊಂಬತ್ತು ಮಂದಿಯ ನೋವಿನ ನಡುವೆ ಖಾಲಿ ಕಪಾಟಿನ ಯಜಮಾನನಾಗಿ ನಿಂತಿದ್ದನು. ಸಿಡಿಗುಂಡಿನ ಸದ್ದಿಗಿಂತ ಈ ನಿಸ್ಸಹಾಯಕತೆಯೇ ಅವನನ್ನು ಮುರಿಯಿತು ಎಂದು ತಿಳಿಯಲು ಕಾರಣವಿದೆ. ಕೊಲ್ಲುವುದು ಅವನ ಕೆಲಸವಾಗಿರಲಿಲ್ಲ, ಕಾಯುವುದು ಅವನ ಕೆಲಸವಾಗಿತ್ತು, ಆ ಕೆಲಸಕ್ಕೆ ಬೇಕಾದ ಯಾವುದನ್ನೂ ಯುದ್ಧ ಅವನ ಕೈಗೆ ಕೊಟ್ಟಿರಲಿಲ್ಲ.

ಕೆಲವು ದಿನಗಳ ನಂತರ, ಸೇನೆ ಹಿಮ್ಮೆಟ್ಟುತ್ತಿದ್ದಾಗ, ರಾತ್ರಿಯ ಊಟದ ನಡುವೆ ಅವನು ಎದ್ದು ನಿಂತು, ಇನ್ನು ಬದುಕಲಾರೆ, ಕ್ಷಮಿಸಿ, ಎಂದು ಹೇಳಿ ಗುಂಡು ಹೊಡೆದುಕೊಳ್ಳಲು ಹೊರಗೆ ಧಾವಿಸಿದನು. ಜೊತೆಯವರು ಹಿಡಿದು ಪಿಸ್ತೂಲು ಕಿತ್ತುಕೊಂಡರು. ಅಕ್ಟೋಬರ್‌ನಲ್ಲಿ ಅವನನ್ನು ಕ್ರಾಕೋವ್ ನಗರದ 15ನೆಯ ಸೇನಾ ಆಸ್ಪತ್ರೆಗೆ ಕಳಿಸಲಾಯಿತು, ಔಷಧದ ಕೆಲಸಕ್ಕೆಂದು ಅವನು ಎಣಿಸಿದ್ದ, ‘ಮಾನಸಿಕ ಸ್ಥಿತಿಯ ಪರಿಶೀಲನೆ’ಗೆಂದು ಮೇಲಿನವರು ತೀರ್ಮಾನಿಸಿದ್ದ ಪ್ರಯಾಣ ಅದು. ಅಲ್ಲಿಯ ದಾಖಲೆಯಲ್ಲಿ ಅವನ ಕಾಯಿಲೆಗೆ ‘ಡಿಮೆನ್ಶಿಯಾ ಪ್ರೀಕಾಕ್ಸ್’ ಎಂಬ ಹೆಸರು ಬಿತ್ತು. ಎಳೆಯ ವಯಸ್ಸಿನಲ್ಲೇ ಬುದ್ಧಿ ಕ್ಷಯಿಸುವುದು ಎಂಬ ಅರ್ಥದ ಈ ಹೆಸರನ್ನು ಪ್ರಚಾರಕ್ಕೆ ತಂದವನು ಜರ್ಮನ್ ಮನೋವೈದ್ಯ ಎಮಿಲ್ ಕ್ರೇಪಲಿನ್. ಸ್ವಿಟ್ಜರ್ಲೆಂಡ್‌ನ ಓಯ್ಗೆನ್ ಬ್ಲಾಯ್ಲರ್ ಅದೇ ಕಾಯಿಲೆಗಳ ಗುಂಪಿಗೆ ಕೊಟ್ಟ ಸ್ಕಿಜೋಫ್ರೇನಿಯಾ ಎಂಬ ಹೆಸರೇ ಇಂದು ಬಳಕೆಯಲ್ಲಿದೆ. ಆ ರೋಗನಿರ್ಣಯ ಸರಿಯಿತ್ತೆ ಎಂಬುದಕ್ಕಿಂತ ಅದು ಯಾವ ಕೆಲಸ ಮಾಡಿತು ಎಂಬುದು ಇಲ್ಲಿ ಮುಖ್ಯವಾಗುತ್ತದೆ: ರೋಗ ರೋಗಿಯ ಹುಟ್ಟಿನಲ್ಲೇ ಇತ್ತು ಎಂದು ಬರೆದ ಮೇಲೆ ಗ್ರೊಡೆಕ್‌ನ ಕೊಟ್ಟಿಗೆಗೆ ದಾಖಲೆಯಲ್ಲಿ ಜಾಗವಿರಲಿಲ್ಲ. ಅಸ್ತಿಭಾರ ಮೊದಲೇ ಬಿರುಕುಬಿಟ್ಟಿದ್ದ ಮನೆ ಎಂದ ಮಾತ್ರಕ್ಕೆ ಅದನ್ನು ಕೆಡವಿದ ಪ್ರವಾಹ ನಿರ್ದೋಷಿಯಾಗುವುದಿಲ್ಲ.

ಅಕ್ಟೋಬರ್ 24 ಮತ್ತು 25ರಂದು ಫಿಕರ್ ಇನ್ಸ್‌ಬ್ರುಕ್‌ನಿಂದ ಬಂದು ನೋಡಿದಾಗ ಟ್ರಾಕ್ಲ್ ಕಂಬಿ ಕಿಟಕಿಯ ಇಕ್ಕಟ್ಟು ಕೋಣೆಯಲ್ಲಿದ್ದನು; ಕುಡಿತದ ಸನ್ನಿ ಹಿಡಿದು ಕೂಗಾಡುತ್ತಿದ್ದ ಒಬ್ಬ ಲೆಫ್ಟಿನೆಂಟ್ ಅದೇ ಕೋಣೆಯ ಇನ್ನೊಂದು ಹಾಸಿಗೆಯಲ್ಲಿದ್ದನು. ಶತ್ರುವಿನ ಎದುರು ಅಧೈರ್ಯ ತೋರಿದ ಆರೋಪದ ಮೇಲೆ ಸೇನಾ ನ್ಯಾಯಾಲಯ ತನ್ನನ್ನು ಗಲ್ಲಿಗೆ ಕಳಿಸುತ್ತದೆ ಎಂಬ ಭಯ ಟ್ರಾಕ್ಲ್‌ನನ್ನು ಬಿಡುತ್ತಿರಲಿಲ್ಲ. ಗೆಳೆಯನಿಗೆ ಅವನು ತನ್ನ ಕೊನೆಯ ಎರಡು ಪದ್ಯಗಳನ್ನು ಓದಿ ಹೇಳಿದನು. ಅವುಗಳಲ್ಲಿ ಒಂದರ ಹೆಸರು ‘ಗ್ರೊಡೆಕ್’. ಫಿಕರ್ ಹಿಂದಿರುಗಿದ ಮೇಲೆ, 27ರಂದು, ಆ ಪದ್ಯಗಳನ್ನು ಕಳಿಸುತ್ತ ಬರೆದ ಪತ್ರದಲ್ಲಿ ತಾನು ಸತ್ತರೆ ತನ್ನಲ್ಲಿರುವ ಹಣ ಮತ್ತು ವಸ್ತುಗಳೆಲ್ಲ ತಂಗಿ ಗ್ರೇಟೆಗೆ ಸೇರಬೇಕೆಂದು ಸ್ಪಷ್ಟವಾಗಿ ತಿಳಿಸಿದನು.

ನವೆಂಬರ್ 3ರಂದು ಅವನು ಸತ್ತನು, ಅತಿಯಾಗಿ ಸೇವಿಸಿದ ಕೊಕೇನ್‌ನಿಂದ. ಆಸ್ಪತ್ರೆ ಅದನ್ನು ಆತ್ಮಹತ್ಯೆ ಎಂದು ಬರೆದುಕೊಂಡಿತು. ಅವನ ಸೇವಕ ಸೈನಿಕನಾಗಿದ್ದ ಮಥಿಯಾಸ್ ರೋತ್, ಹಾಲ್‌ಸ್ಟಾಟ್ ಊರಿನ ಗಣಿಕಾರ್ಮಿಕ, ಅಕ್ಷರ ಅಷ್ಟಾಗಿ ಬಾರದವನು, ಫಿಕರ್‌ಗೆ ತಪ್ಪು ತಪ್ಪು ಕಾಗುಣಿತದಲ್ಲಿ ಬರೆದ ಪತ್ರದಲ್ಲಿ ಬೇರೊಂದು ಸಂಗತಿ ಇದೆ: ಹಿಂದಿನ ಸಂಜೆ ಟ್ರಾಕ್ಲ್ ಅವನನ್ನು ಮಲಗಲು ಕಳಿಸುವಾಗ ಮರುದಿನ ಬೆಳಿಗ್ಗೆ ಏಳೂವರೆಗೆ ಕರಿಕಾಫಿ ತರಲು ಹೇಳಿದ್ದನು. ಬೆಳಗಿನ ಕಾಫಿಗೆ ಹೇಳಿಟ್ಟವನು ಸಾಯಲು ನಿಶ್ಚಯಿಸಿದ್ದನೆ, ಅಥವಾ ಒಂದು ರಾತ್ರಿಯ ನಿದ್ದೆಯನ್ನಷ್ಟೇ ಬಯಸಿದ್ದನೆ ಎಂಬ ಪ್ರಶ್ನೆಯನ್ನು ಆ ಒಂದು ಸಾಲು ತೆರೆದಿಡುತ್ತದೆ. ಮಣ್ಣು ಮಾಡುವಾಗ ಪರಿಚಿತರೆಂದು ಇದ್ದವನು ರೋತ್ ಒಬ್ಬನೇ. ನೋಡಲು ಬರುವಂತೆ ಟ್ರಾಕ್ಲ್ ಬರೆದಿದ್ದ ಪತ್ರ ತಲುಪಿ, ವಿಸ್ಟುಲಾ ನದಿಯ ಕಾವಲು ದೋಣಿಯಲ್ಲಿ ಸೇವೆಯಲ್ಲಿದ್ದ ವಿಟ್ಗೆನ್‌ಸ್ಟೈನ್ ಆತುರದಿಂದ ಕ್ರಾಕೋವ್ ಮುಟ್ಟಿದ್ದು ನವೆಂಬರ್ 5ರ ರಾತ್ರಿ; ತನ್ನ ಹಣದಿಂದ ನೆರವು ಪಡೆದ ಕವಿಯ ಮುಖವನ್ನು ಅವನು ಎಂದೂ ನೋಡಲಿಲ್ಲ.

ಬದುಕಿ ಉಳಿದಿದ್ದರೆ ಟ್ರಾಕ್ಲ್‌ಗೆ ಎಂಥ ಚಿಕಿತ್ಸೆ ಕಾದಿತ್ತು ಎಂಬುದನ್ನು ಯುದ್ಧದ ಮುಂದಿನ ವರ್ಷಗಳು ತೋರಿಸಿದವು. ನಡುಗುವ, ಮಾತು ನಿಂತ ಸೈನಿಕರಿಗೆ ವಿದ್ಯುತ್ತಿನ ಆಘಾತ ಕೊಟ್ಟು, ಗದರಿಸಿ, ಆಜ್ಞೆ ಮಾಡಿ ‘ಗುಣಪಡಿಸುವ’ ವಿಧಾನವನ್ನು ಜರ್ಮನಿಯ ಫ್ರಿಟ್ಸ್ ಕೌಫ್‌ಮನ್ 1916ರಲ್ಲಿ ಪ್ರಚುರಪಡಿಸಿದನು, ವಿಯೆನ್ನಾದ ಆಸ್ಪತ್ರೆಗಳಲ್ಲೂ ವಿದ್ಯುತ್ ಚಿಕಿತ್ಸೆ ನಡೆಯಿತು. ಯುದ್ಧ ಮುಗಿದ ಮೇಲೆ, 1920ರಲ್ಲಿ, ಅಲ್ಲಿಯ ಪ್ರಸಿದ್ಧ ಮನೋವೈದ್ಯ ಯೂಲಿಯಸ್ ವಾಗ್ನರ್-ಯಾವುರೆಗ್‌ನ ಮೇಲೆ ಈ ಕುರಿತು ವಿಚಾರಣೆಯಾದಾಗ ಸಾಕ್ಷ್ಯ ನುಡಿದ ಫ್ರಾಯ್ಡ್, ಓಡಿಬಂದವರನ್ನು ಮತ್ತೆ ಮುಂಚೂಣಿಗೆ ಅಟ್ಟುವ ಮೆಷಿನ್‌ಗನ್ನುಗಳ ಪಾತ್ರ ಆ ಯುದ್ಧದಲ್ಲಿ ವೈದ್ಯರ ಪಾಲಿಗೆ ಬಂದಿತ್ತು ಎಂಬರ್ಥದ ಮಾತಾಡಿದನು. ವಾಗ್ನರ್-ಯಾವುರೆಗ್ ದೋಷಮುಕ್ತನಾದನು. ಆಘಾತದ ನೆನಪು ವರ್ಷಗಟ್ಟಲೆ ಮನಸ್ಸನ್ನು ಕಾಡುವ ಸ್ಥಿತಿಗೆ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಪಿಟಿಎಸ್‌ಡಿ ಎಂಬ ಹೆಸರಿನಿಂದ ಸ್ಥಾನ ಸಿಕ್ಕಿದ್ದು 1980ರಲ್ಲಿ.

ಗ್ರೇಟೆಗೆ ಇಂಥ ಯಾವ ವಿಚಾರಣೆಯೂ ಯಾವ ಹೆಸರೂ ಒದಗಲಿಲ್ಲ. ಅಣ್ಣನ ಸಾವಿನ ಸುದ್ದಿ ಬಂದ ಮೇಲಿನ ಮೂರು ವರ್ಷ ಅವಳದು ಸತತವಾದ ಇಳಿಜಾರು: ಮದುವೆ ಮುರಿಯಿತು, ವ್ಯಸನ ಬಿಡಿಸಿಕೊಳ್ಳುವ ಯತ್ನ ಫಲಿಸಲಿಲ್ಲ, ಸಾಲ ಏರಿತು, ಪಿಯಾನೊ ವಾದಕಿಯಾಗಿ ಹೆಸರು ಮಾಡುವ ಆಸೆ ಕೈಬಿಟ್ಟುಹೋಯಿತು, ನೆರವಿಗಾಗಿ ಫಿಕರ್‌ಗೆ ಬರೆದ ಪತ್ರಗಳಲ್ಲಿ ಅವಳ ದನಿ ಉಳಿದಿದೆ. 1916ರ ಚಳಿಗಾಲದ ಬರ್ಲಿನ್ ನಗರ ಆಲೂಗಡ್ಡೆಯೂ ಸಿಗದೆ ದನಕ್ಕೆ ಹಾಕುವ ಗೆಡ್ಡೆ ತಿಂದು ಬದುಕಿದ ನಗರ, ಜರ್ಮನ್ನರ ನೆನಪಿನಲ್ಲಿ ಅದು ಇಂದಿಗೂ ‘ಗೆಡ್ಡೆಯ ಚಳಿಗಾಲ’. ಗಟ್ಟಿಮುಟ್ಟಾದವರೇ ಸೊರಗುತ್ತಿದ್ದ ಅಲ್ಲಿ ವ್ಯಸನಕ್ಕೂ ಶೋಕಕ್ಕೂ ಸಿಕ್ಕ ಒಂಟಿ ಹೆಣ್ಣು ನಿಂತುಕೊಳ್ಳಲು ನೆಲವೇ ಇರಲಿಲ್ಲ. 1917ರ ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ, ಗೆಳೆಯರ ಕೂಟದ ನಡುವಿನಿಂದ ಎದ್ದು ಪಕ್ಕದ ಕೋಣೆಗೆ ಹೋಗಿ, ಅವಳು ಗುಂಡು ಹೊಡೆದುಕೊಂಡಳು. ಯಾವ ಸೇನೆಯ ಪಟ್ಟಿಯಲ್ಲೂ ಇಲ್ಲದವಳ ಸಾವು ಯಾವ ಸೇನೆಯ ದಾಖಲೆಗೂ ಬರಲಿಲ್ಲ.

ಗೇಯೋರ್ಗ್‌ನ ಅಸ್ಥಿಯನ್ನು ಫಿಕರ್ 1925ರಲ್ಲಿ ಕ್ರಾಕೋವ್‌ನಿಂದ ತರಿಸಿ ಇನ್ಸ್‌ಬ್ರುಕ್ ಪಕ್ಕದ ಮ್ಯೂಲಾವ್ ಸ್ಮಶಾನದಲ್ಲಿ ಮತ್ತೆ ಮಣ್ಣು ಮಾಡಿಸಿದನು. 1967ರಲ್ಲಿ ತೀರಿಕೊಂಡ ಫಿಕರ್‌ನ ಸಮಾಧಿಯೂ ಅಲ್ಲಿಯೇ, ಅದರ ಬಳಿಯಲ್ಲೇ ಇದೆ. ‘ಗ್ರೊಡೆಕ್’ ಪದ್ಯ 1915ರ ಬ್ರೆನ್ನರ್ ವಾರ್ಷಿಕದಲ್ಲಿ ಅಚ್ಚಾಯಿತು. ಮಡಿದ ಯೋಧರನ್ನು ಎದುರುಗೊಳ್ಳಲು ಆ ಪದ್ಯದೊಳಕ್ಕೆ ಒಬ್ಬ ಸೋದರಿಯ ನೆರಳು ಬರುತ್ತದೆ. ಜರ್ಮನ್ ಭಾಷೆಯಲ್ಲಿ ಅಲ್ಲಿರುವ ಪದ ‘ಶ್ವೆಸ್ಟರ್’; ಅಕ್ಕನಿಗೂ ತಂಗಿಗೂ ಅದೇ ಪದ, ಆಸ್ಪತ್ರೆಯ ದಾದಿಗೂ ಮಠದ ಸಂನ್ಯಾಸಿನಿಗೂ ಅದೇ ಪದ, ಹಾಗಾಗಿ ಅದನ್ನು ಯಾರೋ ಒಬ್ಬ ದಾದಿಯೆಂದು ಓದಲೂ ಜರ್ಮನ್ ಓದುಗರಿಗೆ ಅವಕಾಶವಿದೆ. ಸೋದರಿ ಎಂಬ ಸಂಸ್ಕೃತ ಪದದ ಮರೆಯಲ್ಲಿ ನಿಲ್ಲದೆ ಆ ಪದ್ಯವನ್ನು ಮನೆಮಾತಿನ ಕನ್ನಡಕ್ಕೆ ತರುವವರು ಮಾತ್ರ ಒಂದನ್ನು ಆರಿಸಲೇಬೇಕಾಗುತ್ತದೆ, ಮತ್ತು ಅಲ್ಲಿ ‘ತಂಗಿ’ ಎಂದು ಬರೆದ ಕೂಡಲೇ ಆ ನೆರಳು ನಾಲ್ಕು ವರ್ಷ ಕಿರಿಯಳಾದ ಗ್ರೇಟೆಯದಾಗುತ್ತದೆ.